ಬಂಗಾರ ಇಳಿದ ನಿಲ್ದಾಣದಲ್ಲಿ ಪ್ರವಾಸಿಗರ ಬಿಡಾರ

ವರ್ಷದ ದಿನಕ್ಕೊಂದರಂತೆ 365 ಕಿಟಕಿಗಳಿರುವ ರೈಲು ನಿಲ್ದಾಣವೊಂದು ಸ್ಪೇನ್ ದೇಶದಲ್ಲಿದೆ. ಫ್ರಾನ್ಸ್ ಗಡಿಗೆ ಹತ್ತಿರದ ಪಿರನೀಸ್ ಬೆಟ್ಟಗಳ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, 241 ಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಈ ಕಟ್ಟಡವನ್ನು ದೂರದಿಂದ ಕಂಡರೆ ಅರಮನೆ ಎಂದೇ ತೋರುತ್ತದೆ. ಹೆಸರು ಕನ್‌ಫ್ರಾಂಕ್. 2023ರ ಜನವರಿಯಿಂದ ಇದು 104 ಕೋಣೆಗಳ ಐಷಾರಾಮಿ ಹೋಟೆಲು. ಟಿಕೆಟ್ ಕೊಳ್ಳಲು ಬರುತ್ತಿದ್ದ ಕಡೆಗೆ ಈಗ ಜನ ರಜೆ ಕಳೆಯಲು ಬರುತ್ತಾರೆ.

ಗಡಿಯಲ್ಲಿನ ಒಂದು ಹಳ್ಳಿಗೆ ಇಷ್ಟು ದೊಡ್ಡ ನಿಲ್ದಾಣ ಏಕೆ ಬೇಕಿತ್ತು? ಕಾರಣ ಹಳಿಗಳ ಅಗಲ. ಸ್ಪೇನಿನ ಹಳಿಗಳು ಫ್ರಾನ್ಸಿನ ಹಳಿಗಳಿಗಿಂತ ಅಗಲ. ಹೀಗಾಗಿ 7,800 ಮೀಟರ್‌ಗೂ ಉದ್ದದ ಸೋಂಪೋರ್ಟ್ ಸುರಂಗ ದಾಟಿ ಬಂದ ಫ್ರೆಂಚ್ ಗಾಡಿ ಮುಂದೆ ಹೋಗುವಂತಿರಲಿಲ್ಲ. ಜನರೂ ಸರಕೂ ಇಲ್ಲಿಯೇ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಹುಬ್ಬಳ್ಳಿ ಕಡೆಯಿಂದ ಮೀಟರ್ ಗೇಜಿನಲ್ಲಿ ಹೋಗಿ ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದ ನಮ್ಮ ಹಿರಿಯರಿಗೆ ಈ ಪಡಿಪಾಟಲು ಬಿಡಿಸಿ ಹೇಳಬೇಕಾಗಿಲ್ಲ. ಕನ್‌ಫ್ರಾಂಕಿನಲ್ಲಿ ಜೊತೆಗೆ ಎರಡು ದೇಶಗಳ ಸುಂಕದ ಕಟ್ಟೆ, ಪೊಲೀಸರು ಬೇರೆ. ನಿಲ್ದಾಣದ ಒಂದು ಭಾಗ ಫ್ರೆಂಚ್ ಅಧಿಕಾರಿಗಳ ವಶದಲ್ಲಿತ್ತು.

1928ರ ಜುಲೈ 18ರಂದು ಸ್ಪೇನಿನ ದೊರೆ ಹದಿಮೂರನೆಯ ಅಲ್ಫಾನ್ಸೊ ಮತ್ತು ಫ್ರೆಂಚ್ ಅಧ್ಯಕ್ಷ ಗಾಸ್ಟನ್ ಡೂಮೆರ್ಗ್ ಸೇರಿ ಇದನ್ನು ಉದ್ಘಾಟಿಸಿದರು. ಆದರೆ ನಿರೀಕ್ಷಿಸಿದ ವಹಿವಾಟು ಬರಲಿಲ್ಲ. ಮರುವರ್ಷವೇ ಜಗತ್ತಿನ ಆರ್ಥಿಕ ಕುಸಿತ, 1936ರಲ್ಲಿ ಸ್ಪೇನಿನ ಅಂತರ್ಯುದ್ಧ. ಆಗ ಸುರಂಗಕ್ಕೆ ಗೋಡೆಯನ್ನೇ ಕಟ್ಟಿಬಿಟ್ಟರು.

ನಿಲ್ದಾಣಕ್ಕೆ ಕೈತುಂಬ ಕೆಲಸ ಸಿಕ್ಕಿದ್ದು ಎರಡನೆಯ ಮಹಾಯುದ್ಧದಲ್ಲಿ, ಅದೂ ಎಂಥ ಕೆಲಸ! 1942ರ ನವೆಂಬರಿನಲ್ಲಿ ಜರ್ಮನ್ ಸೈನಿಕರು ಬಂದಿಳಿದರು. ಸ್ಪೇನ್, ಪೋರ್ಚುಗಲ್‌ಗಳಿಂದ ಟಂಗ್‌ಸ್ಟನ್ ಅದಿರು ಜರ್ಮನಿಗೆ ಹೋಗುತ್ತಿತ್ತು. ಗಟ್ಟಿ ಉಕ್ಕು ಮಾಡಲು ಅದು ಬೇಕು. ಎದುರು ದಿಕ್ಕಿನಿಂದ ಬಂಗಾರದ ಗಟ್ಟಿಗಳು ಬರುತ್ತಿದ್ದವು. ಹೊತ್ತು ಇಳಿಸಿದವರು ಊರಿನ ಕೂಲಿಗಳು. ಈ ವ್ಯವಹಾರ ಬಯಲಾದದ್ದು ಬಹಳ ತಡವಾಗಿ. 2000ದಲ್ಲಿ ಫ್ರಾನ್ಸಿನ ಬಸ್ ಚಾಲಕರೊಬ್ಬರಿಗೆ ಪಾಳುಬಿದ್ದ ನಿಲ್ದಾಣದ ಕಸದ ನಡುವೆ ಸುಂಕದ ಹಳೆಯ ಕಾಗದಗಳು ಸಿಕ್ಕವು. ಅವುಗಳ ಲೆಕ್ಕದ ಪ್ರಕಾರ ಇಲ್ಲಿ ಹಾದುಹೋದ ಬಂಗಾರ 86 ಟನ್ನು!

ಇದೇ ಗಾಡಿಗಳಲ್ಲಿ ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿಗಳೂ ಬಂದರು. ಫ್ರೆಂಚ್ ಸುಂಕದ ಮುಖ್ಯಸ್ಥ ಆಲ್ಬರ್ಟ್ ಲೆ ಲೇ ಅನೇಕರನ್ನು ಪಾರು ಮಾಡಿಸಿದರು. ರಹಸ್ಯ ಪತ್ರಗಳನ್ನೂ ಸಾಗಿಸಿದರು. ಜರ್ಮನರಿಗೆ ಸುಳಿವು ಹತ್ತಿದಾಗ, 1943ರಲ್ಲಿ, ಸಂಸಾರ ಸಮೇತ ಪರಾರಿಯಾದರು. ಬಂಗಾರದ ಕಥೆ ಕೇಳಿ ಬರುವ ಪ್ರವಾಸಿಗರು ಈ ಹೆಸರನ್ನೂ ಕೇಳಿಸಿಕೊಂಡು ಹೋಗಲಿ ಎನಿಸುತ್ತದೆ.

1970ರ ಮಾರ್ಚ್ 27ರಂದು ಫ್ರಾನ್ಸಿನ ಕಡೆ ಇಳಿಜಾರಿನಲ್ಲಿ ಹಿಡಿತ ತಪ್ಪಿದ ಗೂಡ್ಸ್ ಗಾಡಿಯೊಂದು ಎಸ್ತಾಂಗೆ ಸೇತುವೆಯನ್ನು ಕೆಡವಿತು. ಪ್ರಾಣಹಾನಿ ಆಗಲಿಲ್ಲ. ಆದರೆ ನಷ್ಟದ ಮಾರ್ಗವೆಂದು ಫ್ರಾನ್ಸ್ ಸೇತುವೆಯನ್ನು ಮತ್ತೆ ಕಟ್ಟಲೂ ಇಲ್ಲ. ನಿಲ್ದಾಣ ಹಾಳುಬಿತ್ತು, ಛಾವಣಿ ಸೋರಿತು.

2002ರಲ್ಲಿ ಅದನ್ನು ಸಂರಕ್ಷಿತ ಸ್ಮಾರಕವೆಂದು ಸಾರಲಾಯಿತು. ಮುಂದೆ ಅರಗಾನ್ ಪ್ರಾಂತ ಸರ್ಕಾರ ಕೊಂಡು ದುರಸ್ತಿಗೆ ಕೈಹಾಕಿತು. ಜರಗೋಜಾ ನಗರದಿಂದ ಬರುವ ರೈಲಿಗೆ 2021ರಲ್ಲಿ ಪಕ್ಕದಲ್ಲೇ ಚಿಕ್ಕದೊಂದು ಹೊಸ ನಿಲ್ದಾಣವಾಯಿತು. ಹಳೆಯ ಸುರಂಗದಲ್ಲಿ ಗಾಡಿ ಓಡುವುದಿಲ್ಲ. ಬೆಟ್ಟದ ಒಡಲಿನಲ್ಲಿ ಈಗ ವಿಜ್ಞಾನಿಗಳು ಪ್ರಯೋಗಾಲಯ ಮಾಡಿಕೊಂಡು, ಕಣ್ಣಿಗೆ ಕಾಣದ ‘ಕಪ್ಪು ದ್ರವ್ಯ’ವನ್ನು ಹುಡುಕುತ್ತಿದ್ದಾರೆ.