ಇಪ್ಪತ್ತೆಂಟನೆಯ ದಿನದೊಳಗೆ

ರೆಂಬ್ರಾಂಟ್ 1632ರಲ್ಲಿ ಬಿಡಿಸಿದ ಪ್ರಸಿದ್ಧ ಚಿತ್ರವೊಂದರಲ್ಲಿ ಕರಿ ಟೋಪಿಯ ವೈದ್ಯರೊಬ್ಬರು ಶವದ ತೋಳಿನ ಸ್ನಾಯುಗಳನ್ನು ಇಕ್ಕಳದಲ್ಲಿ ಎತ್ತಿ ಹಿಡಿದು ಪಾಠ ಹೇಳುತ್ತಿದ್ದಾರೆ. ಅವರು ಆಮ್‌ಸ್ಟರ್‌ಡ್ಯಾಮಿನ ನಿಕೋಲಾಸ್ ಟುಲ್ಪ್. ತಾವು ಕಂಡ ರೋಗಿಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ, ಸೊಂಟದ ಬಳಿ ನೀರು ತುಂಬಿದ ಗಂಟು ಹೊತ್ತು ಹುಟ್ಟಿದ ಕೂಸುಗಳೂ ಇವೆ. ಆ ಗಂಟಿನೊಳಗೆ ನರಗಳು ಹರಡಿಕೊಂಡಿದ್ದನ್ನು ಟುಲ್ಪ್ ಗಮನಿಸಿದರು, ಅದನ್ನು ದುಡುಕಿ ಕುಯ್ಯಬೇಡಿ ಎಂದು ಎಚ್ಚರಿಸಿದರು. ಅವರು ಬಳಸಿದ ಸ್ಪೈನಾ ಬೈಫಿಡಾ ಎಂಬ ಹೆಸರೇ ಇಂದಿಗೂ ನಡೆಯುತ್ತಿದೆ. ಹೆಸರು ಸಿಕ್ಕಿದ ಮೇಲೆ ಮದ್ದು ಸಿಗಲು ಮೂರು ಶತಮಾನ ಹಿಡಿಯಿತು. ಆ ಮದ್ದಿನ ಮೊದಲ ಸುಳಿವು ಸಿಕ್ಕಿದ್ದು ಯೂರೋಪಿನಲ್ಲಲ್ಲ, ಬೊಂಬಾಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರಲ್ಲಿ.

ಬೆನ್ನುಹುರಿ ಮೊದಲು ಹುರಿಯಾಗಿರುವುದಿಲ್ಲ. ಭ್ರೂಣದ ಬೆನ್ನಿನ ಮೇಲೆ ಒಂದು ಚಪ್ಪಟೆ ಪದರ ಮೂಡುತ್ತದೆ. ಅದರ ಎರಡು ಅಂಚುಗಳು ಮೇಲೆದ್ದು, ಬಾಗಿ, ಒಂದನ್ನೊಂದು ಕೂಡಿಕೊಂಡು ಕೊಳವೆಯಾಗುತ್ತವೆ. ಗರ್ಭ ನಿಂತು 28 ದಿನ ಆಗುವ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ. ಕೆಳತುದಿಯಲ್ಲಿ ಅಂಚು ಕೂಡದೆ ಹೋದರೆ ಬೆನ್ನು ತೆರೆದೇ ಉಳಿಯುತ್ತದೆ. ಅಂಥ ಮಗುವಿನ ಕಾಲಿಗೆ ಬಲ ಬರುವುದಿಲ್ಲ, ಮಲಮೂತ್ರದ ಮೇಲೆ ಹಿಡಿತವಿರುವುದಿಲ್ಲ, ಎಷ್ಟೋ ಸಲ ತಲೆಯಲ್ಲೂ ನೀರು ತುಂಬಿಕೊಳ್ಳುತ್ತದೆ. ಹುರಿಯ ಕಟ್ಟಕಡೆಯ ತುಂಡು ಹುಟ್ಟುವ ಬಗೆಯೇ ಬೇರೆ. ಅಲ್ಲಿ ಜೀವಕೋಶಗಳು ಮೊದಲು ಗಟ್ಟಿ ಮುದ್ದೆಯಾಗಿ, ಆಮೇಲೆ ಒಳಗೊಳಗೆ ಟೊಳ್ಳಾಗುತ್ತವೆ. ಆ ಟೊಳ್ಳಿನ ಪುಟ್ಟ ಉಳಿಕೆಯನ್ನು ಜರ್ಮನಿಯ ಬೆನೆಡಿಕ್ಟ್ ಸ್ಟಿಲ್ಲಿಂಗ್ 1859ರಲ್ಲಿ ವಿವರಿಸಿದರು. ಸಾಮಾನ್ಯವಾಗಿ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಅಪರೂಪಕ್ಕೆ ದ್ರವ ತುಂಬಿ ಹಿಗ್ಗಿ ನರಗಳನ್ನು ಒತ್ತುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಹುರಿಯ ತುದಿ ಕೆಳಗೇ ಅಂಟಿಕೊಂಡಿರುತ್ತದೆ. ಮಗು ಬೆಳೆದಂತೆ ಬೆನ್ನೆಲುಬು ಉದ್ದವಾಗುತ್ತದೆ, ಹುರಿ ಜಗ್ಗಿಸಿಕೊಳ್ಳುತ್ತದೆ, ನೆಟ್ಟಗೆ ಓಡಾಡುತ್ತಿದ್ದ ಮಗು ಎಡವತೊಡಗುತ್ತದೆ. ಟೊರಾಂಟೊದ ಹ್ಯಾರೊಲ್ಡ್ ಹಾಫ್‌ಮನ್ ಮತ್ತು ಸಂಗಡಿಗರು ಈ ತೊಂದರೆಗೆ ಸ್ಪಷ್ಟ ರೂಪ ಕೊಟ್ಟು, ಬಿಗಿದ ಎಳೆಯನ್ನು ಕತ್ತರಿಸಿ ಬಿಡಿಸಿದ 31 ರೋಗಿಗಳ ವರದಿ ಪ್ರಕಟಿಸಿದ್ದು 1976ರಷ್ಟು ಈಚೆಗೆ.

ಬೆನ್ನಿನ ಗಂಟಿಗೆ ಅದಕ್ಕೂ ಹಿಂದೆ ಮಾಡುತ್ತಿದ್ದ ಚಿಕಿತ್ಸೆಯ ಚರಿತ್ರೆ ಬಹುಪಾಲು ಸಾವಿನ ಚರಿತ್ರೆ. ಸೂಜಿ ಚುಚ್ಚಿ ನೀರು ತೆಗೆದರೆ ಸೋಂಕು, ಕಟ್ಟು ಬಿಗಿದರೆ ಕೊಳೆತ. 1870ರ ದಶಕದಲ್ಲಿ ಗ್ಲಾಸ್ಗೋದ ಜೇಮ್ಸ್ ಮಾರ್ಟನ್ ಗ್ಲಿಸರಿನ್‌ನಲ್ಲಿ ಕಲಸಿದ ಅಯೋಡಿನ್ನನ್ನು ಗಂಟಿನೊಳಕ್ಕೆ ಚುಚ್ಚತೊಡಗಿದರು. ಆ ವಿಧಾನ ಎಷ್ಟು ಹರಡಿತೆಂದರೆ ಲಂಡನ್ನಿನ ಕ್ಲಿನಿಕಲ್ ಸೊಸೈಟಿ ಅದರ ವಿಚಾರಣೆಗೆ ಸಮಿತಿಯನ್ನೇ ನೇಮಿಸಿ 1885ರಲ್ಲಿ ವರದಿ ತಂದಿತು.

ಬೆನ್ನನ್ನು ಹೇಗೋ ಮುಚ್ಚಿದರೂ ತಲೆಯ ನೀರು ಮಗುವನ್ನು ಬಿಡುತ್ತಿರಲಿಲ್ಲ. ಈ ತೊಡಕು ಬಿಡಿಸಿದ್ದು ಬೀಗದ ಕಂಪನಿಯ ಒಬ್ಬ ಮೆಕ್ಯಾನಿಕ್. ಫಿಲಡೆಲ್ಫಿಯಾದ ಜಾನ್ ಹೋಲ್ಟರ್‌ಗೆ 1955ರ ನವೆಂಬರಿನಲ್ಲಿ ಹುಟ್ಟಿದ ಮಗ ಕೇಸಿಗೆ ಸ್ಪೈನಾ ಬೈಫಿಡಾ ಇತ್ತು, ತಲೆಯಲ್ಲಿ ನೀರೂ ಇತ್ತು. ಹೆಚ್ಚಾದ ನೀರನ್ನು ರಕ್ತನಾಳಕ್ಕೆ ಹರಿಸಬಹುದೆಂದು ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್‌ಗೆ ಗೊತ್ತಿತ್ತು. ಆದರೆ ನೀರು ಹೊರಗೆ ಹೋಗಬೇಕು, ರಕ್ತ ಒಳಗೆ ಬರಬಾರದು. ಅಂಥ ನೆಚ್ಚಿಕೆಯ ಕವಾಟ ಅವರ ಬಳಿ ಇರಲಿಲ್ಲ. ನರ್ಸ್ ಒಬ್ಬರು ರಬ್ಬರ್ ಕೊಳವೆಗೆ ಸೂಜಿ ಚುಚ್ಚಿ ತೆಗೆದಾಗ ತೂತು ತಾನಾಗಿ ಮುಚ್ಚಿಕೊಂಡದ್ದನ್ನು ಹೋಲ್ಟರ್ ನೋಡಿದರು. ಒತ್ತಡ ಬಂದಾಗ ತೆರೆದು, ಇಳಿದಾಗ ಮುಚ್ಚುವ ಸೀಳಿನ ಕವಾಟ ಅವರಿಗೆ ಹೊಳೆದದ್ದು ಅಲ್ಲಿಂದ. ಆಗಷ್ಟೇ ಬಳಕೆಗೆ ಬರುತ್ತಿದ್ದ ಸಿಲಿಕೋನ್ ರಬ್ಬರಿನಲ್ಲಿ ಅದನ್ನು ಮಾಡಿದರು. 1956ರಲ್ಲಿ ಅದನ್ನು ಮೊದಲು ಅಳವಡಿಸಿದ್ದು ಬೇರೊಂದು ಮಗುವಿಗೆ, ಕೇಸಿಯ ಮೈಸ್ಥಿತಿ ಆಗ ಶಸ್ತ್ರಚಿಕಿತ್ಸೆ ತಡೆಯುವಂತಿರಲಿಲ್ಲ. ಕೇಸಿ ಐದನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗಾಗಿ ಅಪ್ಪ ಮಾಡಿದ ಕವಾಟ ಎಷ್ಟೋ ದೇಶಗಳಲ್ಲಿ ಸಾವಿರಾರು ಮಕ್ಕಳನ್ನು ಉಳಿಸಿತು.

ತಲೆಯ ನೀರು ಹರಿಸುವ ಇಂಥ ಸಾಧನಕ್ಕೆ ಷಂಟ್ ಎಂದು ಹೆಸರು. ಮುಂದೆ ಅದನ್ನು ಬಡವರ ಕೈಗೆಟಕಿಸಿದ್ದರಲ್ಲಿ ಭಾರತದ ಪಾಲು ದೊಡ್ಡದು. ದೆಹಲಿಯ ಏಮ್ಸ್‌ನಲ್ಲಿ ಉಪಾಧ್ಯಾಯ ಷಂಟ್ ರೂಪುಗೊಂಡಿತು, ಉತ್ತರ ಪ್ರದೇಶದಿಂದ ಛಾಬ್ರಾ ಷಂಟ್ ಬಂತು. ಉಗಾಂಡದಲ್ಲಿ ಬೆಂಜಮಿನ್ ವಾರ್ಫ್ 195 ಮಕ್ಕಳಲ್ಲಿ ಛಾಬ್ರಾವನ್ನು ಅಮೆರಿಕದ ದುಬಾರಿ ಷಂಟಿನ ಜೊತೆ ಹೋಲಿಸಿ ನೋಡಿದರು. ಒಂದು ವರ್ಷದ ಫಲಿತಾಂಶದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರ ಆ ವರದಿಯ ಪ್ರಕಾರ ಛಾಬ್ರಾದ ಬೆಲೆ ಸುಮಾರು 35 ಡಾಲರ್, ಅಮೆರಿಕದ ಷಂಟಿನದು 650.

ಇಷ್ಟೆಲ್ಲ ಆದದ್ದು ಮಗು ಹುಟ್ಟಿದ ಮೇಲಿನ ಪಾಡು. ಅದು ಬಾರದಂತೆ ತಡೆಯುವ ದಾರಿ ಲೂಸಿ ವಿಲ್ಸ್ ಅವರಿಂದ ಶುರುವಾಗುತ್ತದೆ, ಅವರು ಹುಡುಕಿ ಹೊರಟದ್ದು ಬೇರೆಯೇ ಆದರೂ. ಇಂಗ್ಲೆಂಡಿನ ಈ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದರು. ಗಿರಣಿ ಕೆಲಸದ ಬಸುರಿಯರು ಒಂದು ಬಗೆಯ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು, ಕಾರಣ ತಿಳಿದಿರಲಿಲ್ಲ. ವಿಲ್ಸ್ ಸೋಂಕಿಗಿಂತ ಹೆಚ್ಚಾಗಿ ಊಟದ ಕಡೆ ನೋಡಿದರು. ಯಾರು ಏನು ತಿನ್ನುತ್ತಾರೆ, ಸೊಪ್ಪು ತರಕಾರಿ ಎಷ್ಟು, ಹಾಲು ಮಾಂಸ ಎಷ್ಟು ಎಂದು ವಿಚಾರಿಸಿದರು. ಬೊಂಬಾಯಿಯ ಹಾಫ್‌ಕಿನ್ ಸಂಸ್ಥೆಯಲ್ಲೂ ನೀಲಗಿರಿಯ ಕೂನೂರಿನಲ್ಲೂ ಇಲಿ, ಕೋತಿಗಳಿಗೆ ಅಂಥದೇ ಬಡ ಊಟ ಹಾಕಿ ಪರೀಕ್ಷಿಸಿದರು. ಕಾಯಿಲೆ ಬಿದ್ದ ಕೋತಿಗೆ ಮಾರ್ಮೈಟ್ ಕೊಟ್ಟಾಗ ಅದು ಚೇತರಿಸಿಕೊಂಡಿತು. ಮಾರ್ಮೈಟ್ ಅಂದರೆ ಬಿಯರ್ ಮಾಡಿ ಉಳಿದ ಈಸ್ಟಿನ ಕಪ್ಪು ಲೇಹ್ಯ, ಅಗ್ಗದ ಪದಾರ್ಥ. ಹೆಂಗಸರಿಗೂ ಅದನ್ನೇ ಕೊಟ್ಟರು, ಅವರೂ ಚೇತರಿಸಿಕೊಂಡರು. ವರದಿ 1931ರಲ್ಲಿ ಅಚ್ಚಾಯಿತು. ಒಂದು ಕಾಯಿಲೆಯ ಬೇರನ್ನು ಕೂಲಿಹೆಂಗಸಿನ ತಟ್ಟೆಯಲ್ಲಿ ಹುಡುಕಿದ ಈ ಕೆಲಸಕ್ಕೆ ನಮ್ಮ ದೇಶದ ವೈದ್ಯಕೀಯ ಚರಿತ್ರೆಯಲ್ಲಿ ಇನ್ನೂ ಎತ್ತರದ ಜಾಗ ಸಲ್ಲಬೇಕು.

ಮಾರ್ಮೈಟಿನಲ್ಲಿ ಕೆಲಸ ಮಾಡಿದ ಅಂಶ ಫೋಲಿಕ್ ಆಸಿಡ್ ಎಂದು ಗೊತ್ತಾಗಲು ಹತ್ತಾರು ವರ್ಷ ಹಿಡಿಯಿತು. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪು ಅರೆದು ಅದರ ಸಾರ ತೆಗೆದರು. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತನದಲ್ಲಿ ಲೆಡರ್ಲೆ ಪ್ರಯೋಗಾಲಯ 1945ರ ಹೊತ್ತಿಗೆ ಅದನ್ನು ಕೃತಕವಾಗಿ ತಯಾರಿಸಿತು. ಅದರ ಕೊರತೆಗೂ ಬೆನ್ನುಹುರಿಯ ಈ ದೋಷಕ್ಕೂ ನಂಟಿರಬಹುದೆಂದು ವೈದ್ಯರಾದ ಬ್ರಿಯಾನ್ ಹಿಬ್ಬಾರ್ಡ್, ರಿಚರ್ಡ್ ಸ್ಮಿಥೆಲ್ಸ್ ಇಬ್ಬರೂ 1965ರಲ್ಲಿ ಹೇಳಿದರು. ಸ್ಮಿಥೆಲ್ಸ್ 1980ರಲ್ಲಿ ಜೀವಸತ್ವದ ಮಾತ್ರೆಗಳ ಪ್ರಯೋಗವನ್ನೂ ಪ್ರಕಟಿಸಿದರು, ಆದರೆ ಹೋಲಿಕೆಯ ಗುಂಪು ಸರಿಯಿಲ್ಲವೆಂಬ ಆಕ್ಷೇಪ ಬಂತು. ವಾದ ಮುಗಿಸಿದ್ದು ನಿಕೋಲಸ್ ವಾಲ್ಡ್ ನಡೆಸಿದ ಬ್ರಿಟಿಷ್ ಪರೀಕ್ಷೆ. ಏಳು ದೇಶಗಳ 33 ಕೇಂದ್ರಗಳು, ಹಿಂದೊಮ್ಮೆ ಇಂಥ ಮಗುವನ್ನು ಹೆತ್ತ 1,817 ಹೆಂಗಸರು. 1991ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಆರು ಪ್ರಕರಣ, ಉಳಿದವರಲ್ಲಿ 21. ಅಪಾಯ ಶೇ. 72ರಷ್ಟು ಇಳಿದಿತ್ತು. ಈ ಸುದ್ದಿ ಬಂದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 1988ರಿಂದ ನಡೆಸುತ್ತಿದ್ದ ಇಂಥದೇ ಪರೀಕ್ಷೆಯನ್ನು ನಿಲ್ಲಿಸಿತು.

ತೊಡಕು ಇರುವುದು ಆ 28 ದಿನಗಳಲ್ಲಿ. ಮುಟ್ಟು ತಪ್ಪಿ, ಅನುಮಾನ ಬಂದು, ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡ್ ಮಾಡಿಸಿ, ಮಾತ್ರೆ ಕೈಗೆ ಬರುವ ಹೊತ್ತಿಗೆ ಕೊಳವೆ ಮುಚ್ಚಬೇಕಾದ ದಿನ ದಾಟಿರುತ್ತದೆ. ಅದಕ್ಕೇ ಅಮೆರಿಕ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿತು, ಕೆನಡಾವೂ ಮಾಡಿತು. ಕೆನಡಾದಲ್ಲಿ ಸಾವಿರ ಹೆರಿಗೆಗೆ 1.58 ಇದ್ದ ಇಂಥ ದೋಷಗಳ ಪ್ರಮಾಣ 0.86ಕ್ಕೆ ಇಳಿಯಿತು. ಪರೀಕ್ಷೆ ನಡೆಸಿ ಜಗತ್ತಿಗೆ ದಾರಿ ತೋರಿದ ಬ್ರಿಟನ್ ಮಾತ್ರ ಇದಕ್ಕೆ ಕಾನೂನು ತಂದದ್ದು 2024ರಲ್ಲಿ, ಹಿಟ್ಟಿನ ಗಿರಣಿಗಳಿಗೆ ಕೊಟ್ಟ ಗಡುವು 2026ರ ಡಿಸೆಂಬರ್. ನಡುವಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ತಪ್ಪಿಸಬಹುದಾಗಿದ್ದ ಎಷ್ಟು ಸಂಕಟವನ್ನು ಅಲ್ಲಿನ ತಾಯಂದಿರು ಉಂಡರೋ.

ನಮ್ಮಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಕಬ್ಬಿಣ, ಬಿ12, ಫೋಲಿಕ್ ಆಸಿಡ್ ಸೇರಿಸಿದ ಕಾಳನ್ನು ನೂರಕ್ಕೊಂದರಂತೆ ಬೆರೆಸುವ ಯೋಜನೆ ಬಂತು. ಹೊಳಪು ಬೇರೆ ಕಂಡ ಆ ಕಾಳನ್ನು ಪ್ಲಾಸ್ಟಿಕ್ ಎಂದು ಮೊರದಲ್ಲಿ ಆರಿಸಿ ಎಸೆದವರ ಸುದ್ದಿ ಕರ್ನಾಟಕದಿಂದಲೂ ಬಂದಿದೆ. ಆ ಅಂಜಿಕೆಯನ್ನು ತಿಳಿಹೇಳಿ ಕಳೆಯಬಹುದು. ಲೆಕ್ಕ ಅಷ್ಟು ಸುಲಭಕ್ಕೆ ಸರಿಹೋಗುವುದಿಲ್ಲ. ಅಮೆರಿಕದ ಹಿಟ್ಟಿನಲ್ಲಿ ಕಿಲೋಗೆ 1,400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದ್ದರೆ, ನಮ್ಮ ಅಕ್ಕಿಗೆ ನಿಗದಿಯಾದದ್ದು 75ರಿಂದ 125. ಬಸುರಿಯಾಗುವ ಮೊದಲು ಹೆಣ್ಣಿಗೆ ಬೇಕೆಂದು ವೈದ್ಯರು ಹೇಳುವುದು ದಿನಕ್ಕೆ 400 ಮೈಕ್ರೋಗ್ರಾಂ. ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಂಡರೂ, ತೊಳೆದು ಗಂಜಿ ಬಸಿದು ಹೋದದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅವಳಿಗೆ ದಕ್ಕುವುದು ಹೆಚ್ಚೆಂದರೆ 50.