ಮೀಂಜದ ಮನೆಯೊಳಗೆ ಮೊಲ

ಕಾಸರಗೋಡು ಜಿಲ್ಲೆಯ ಮೀಂಜದ ಕಡೆಯ ಹಳೆಯ ಮನೆಗಳಲ್ಲಿ ಯಾವ ಪ್ರಾಣಿ ಎಲ್ಲಿಯವರೆಗೆ ಬರಬಹುದು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ದನಕ್ಕೆ ಹಟ್ಟಿ, ಕೋಳಿಗೆ ಗೂಡು, ನಾಯಿಗೆ ಜಗಲಿಯ ಬುಡ; ಅಡುಗೆಮನೆಯವರೆಗೂ ಸಲುಗೆಯಿದ್ದದ್ದು ಬೆಕ್ಕಿಗೆ ಮಾತ್ರ. ಮೊಲಕ್ಕೆ ಈ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಗುಡ್ಡದ ಮುಳಿಹುಲ್ಲಿನಲ್ಲಿ ಅಡಗುವ ಕಾಡುಮೊಲ ಬೇಟೆಯ ಪ್ರಾಣಿಯಾಗಿತ್ತು. 1972ರ ವನ್ಯಜೀವಿ ಕಾಯ್ದೆಯಂತೆ ಇವತ್ತು ಅದನ್ನು ಹಿಡಿಯುವಂತೆಯೂ ಇಲ್ಲ, ಸಾಕುವಂತೆಯೂ ಇಲ್ಲ. ಈಗ ಪೇಟೆಯಿಂದ ಮನೆಗೆ ಬರುವ ಬಿಳಿ ಮೊಲ ಬೇರೆಯೇ ಜಾತಿ. ಅದರ ಮೂಲ ಸ್ಪೇನ್, ಪೋರ್ಚುಗಲ್. ಬಿಲ ತೋಡುವುದು ಅದರ ಹುಟ್ಟುಗುಣ. ಅದನ್ನು ಮನೆಯೊಳಗೆ ಬಿಟ್ಟು ಸಾಕುವ ರೂಢಿ ಪಶ್ಚಿಮದಲ್ಲೂ ಹೊಸದೇ. ರೋಮನ್ನರು ಗೋಡೆ ಕಟ್ಟಿದ ಆವರಣದಲ್ಲಿ ಮೊಲ ಸಾಕುತ್ತಿದ್ದದ್ದು ಊಟಕ್ಕಾಗಿ. ಮನೆಮೊಲಕ್ಕಾಗಿಯೇ ಕ್ಯಾಲಿಫೋರ್ನಿಯಾದಲ್ಲಿ ಹೌಸ್ ರ‍್ಯಾಬಿಟ್ ಸೊಸೈಟಿ ಹುಟ್ಟಿದ್ದು 1988ರಲ್ಲಿ.

ಮೊಲ ತಂಟೆಯ ಪ್ರಾಣಿ, ಕಂಡದ್ದನ್ನೆಲ್ಲ ಕಡಿಯುತ್ತದೆ ಎಂಬ ದೂರು ಸಾಮಾನ್ಯ. ನನಗನಿಸುವಂತೆ ಬದಲಾದದ್ದು ಮೊಲವಲ್ಲ, ಮನೆ. ಜೀವಮಾನವಿಡೀ ಬೆಳೆಯುವ ಹಲ್ಲನ್ನು ಮೊಲ ಸವೆಸಲೇಬೇಕು. ಮೊದಲು ಆಳೆತ್ತರದಲ್ಲಿ ಮರದ ಪಟ್ಟಿಯ ಮೇಲೆ ಹೋಗುತ್ತಿದ್ದ ವಯರು ಈಗ ಫ್ರಿಜ್ಜಿನ ಹಿಂದೆ, ಸೋಫಾದ ಅಡಿಯಲ್ಲಿ, ಸರಿಯಾಗಿ ಅದರ ಬಾಯಿಯ ಮಟ್ಟದಲ್ಲಿ ಬಿದ್ದಿರುತ್ತದೆ. ಸೆಗಣಿ ಸಾರಿಸಿದ ನೆಲ ಹೋಗಿ ಕಾವಿ ನೆಲ ಬಂತು, ಅದೂ ಹೋಗಿ ಹೊಳೆಯುವ ಟೈಲ್ಸ್ ಬಂತು. ನಾಯಿಬೆಕ್ಕಿಗಿರುವ ಮೆತ್ತೆ ಮೊಲದ ಅಂಗಾಲಿನಲ್ಲಿಲ್ಲ, ಬರೀ ರೋಮ. ಟೈಲ್ಸ್ ಮೇಲೆ ಹಿಂಗಾಲು ಎರಡೂ ಕಡೆಗೆ ಜಾರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯಲ್ಲಿ ಹರಡಿದ ಹಂಚಿನ ಮಾಡು ಸಂದಿನಲ್ಲಿ ಗಾಳಿ ಬಿಡುತ್ತಿತ್ತು. ತಾರಸಿ ಹಗಲಿನ ಬಿಸಿಲನ್ನು ರಾತ್ರಿಯೂ ಒಳಗೆ ಇಳಿಸುತ್ತದೆ. ಬೆವರಿ ತಣಿಯಲಾರದ, ಕಿವಿಯಿಂದಲೇ ಹೆಚ್ಚಾಗಿ ಬಿಸಿ ಕಳೆಯುವ ಪ್ರಾಣಿಗೆ 30 ಡಿಗ್ರಿ ದಾಟಿದ ಸೆಕೆಯೇ ಅಪಾಯ.

ಹಾಗಾದರೆ ಹಳೆಯ ಮನೆಯೇ ವಾಸಿಯಿತ್ತೇ ಎಂದು ಕೇಳಬಹುದು. ಇಲ್ಲ. ಮಣ್ಣಿನ ನೆಲವನ್ನು ಮೊಲ ಕೆದಕಿ ಹಾಕುತ್ತಿತ್ತು. ಹಾವು, ಮುಂಗುಸಿ ಒಳಬರಲು ಆ ಮನೆಯಲ್ಲಿ ದಾರಿಗಳೂ ಬೇಕಷ್ಟಿದ್ದವು. ಹಳೆಯ ಮನೆಯಿಂದ ಕಲಿಯಬೇಕಾದದ್ದು ಗಡಿ ಹಾಕುವ ಕ್ರಮವನ್ನು. ಇಡೀ ಮನೆಯ ವಯರುಗಳಿಗೆಲ್ಲ ಕೊಳವೆ ತೊಡಿಸಲು ಹೊರಡುವುದಕ್ಕಿಂತ ಒಂದೇ ಕೋಣೆಯನ್ನು ಮೊಲಕ್ಕೆ ಬಿಟ್ಟು, ಅಲ್ಲಿನ ವಯರು ಮೇಲೆತ್ತಿ, ನೆಲಕ್ಕೆ ಗೋಣಿ ಹಾಸಿ, ಬಾಗಿಲಿಗೆ ಸೊಂಟದೆತ್ತರದ ಅಡ್ಡಹಲಗೆ ಇಡುವುದು ಲೇಸು. ಇದೂ ಪಂಜರವೇ ಎನ್ನುವವರಿದ್ದಾರೆ. ಓಡಿ ಹಾರಲು ಜಾಗವಿರುವ ಕೋಣೆ ಪಂಜರವಲ್ಲ. ಮೈ ತಿರುಗಿಸಲೂ ಆಗದ ತಂತಿಗೂಡು ಪಂಜರ, ಅದನ್ನು ನಾನೂ ಒಪ್ಪುವುದಿಲ್ಲ.

ಇಷ್ಟು ಮಾಡಿದರೂ ಅಪಾಯ ಹುಲ್ಲಿನ ಬುಟ್ಟಿಯಲ್ಲಿ ಒಳಗೆ ಬಂದೀತು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾಗ ಮೈಲುತುತ್ತಿನ ನೀಲಿ ಹನಿ ಅಡಿಕೆಮರದ ಬುಡದ ಹುಲ್ಲಿನ ಮೇಲೂ ಒಣಗಿರುತ್ತದೆ. ಆ ಹುಲ್ಲನ್ನು ಮೊಲಕ್ಕೆ ಹಾಕಬೇಡಿ.