ಕುಂಬಾರನಿಗೆ ವರುಷ, ಬಳಕೆದಾರನಿಗೆ ನಿಮಿಷ

2011ರ ಮಾರ್ಚ್ 9. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಐದು ದಿನದ ಒಂದು ಸಮ್ಮೇಳನ ಶುರುವಾಯ್ತು. ಕೆಡಿಇ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟುವವರು ಭಾರತದಲ್ಲಿ ನಡೆಸಿದ ಮೊದಲ ಸಮ್ಮೇಳನ ಅದು. ಅದು ಮುಗಿದು ಮೂರು ವಾರ ಕಳೆಯುವುದರೊಳಗೆ ಕೆಡಿಇಯ ಹಳೇ ಪ್ರತಿಸ್ಪರ್ಧಿ ಗ್ನೋಮ್‌ನವರು ಅದೇ ಬೆಂಗಳೂರಿಗೆ ಬಂದಿಳಿದರು. ಮಾರ್ಚ್ ಕೊನೆಯ ವಾರ ಕೂತು ಕೋಡ್ ತಿದ್ದಿದರು. ಏಪ್ರಿಲ್ ಮೊದಲ ವಾರಾಂತ್ಯದಲ್ಲಿ ದಯಾನಂದ ಸಾಗರ್ ಕಾಲೇಜಿನಲ್ಲಿ ಗ್ನೋಮ್ ಏಷ್ಯಾ ಸಮ್ಮೇಳನ ನಡೆಸಿದರು. ಏಪ್ರಿಲ್ 6ಕ್ಕೆ ಗ್ನೋಮ್ 3.0 ಜಗತ್ತಿಗೆಲ್ಲ ಬಿಡುಗಡೆಯಾಯ್ತು.

ಮುಕ್ತ ತಂತ್ರಾಂಶದ ಇತಿಹಾಸದಲ್ಲಿ ಅತಿ ಹೆಚ್ಚು ಬೈಸಿಕೊಂಡ ಬಿಡುಗಡೆಗಳ ಪಟ್ಟಿ ಮಾಡಿದರೆ ಗ್ನೋಮ್ 3.0 ಮೊದಲ ಒಂದೆರಡು ಸ್ಥಾನಗಳಲ್ಲೇ ಇರುತ್ತೆ. ಅದರ ಕೊನೆಯ ಹಂತದ ಕೆಲಸ ನಮ್ಮ ಬೆಂಗಳೂರಲ್ಲಿ ನಡೆದಿತ್ತು ಅನ್ನೋದು ಇಲ್ಲಿನ ಐಟಿ ಮಂದಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಲಿನಕ್ಸ್ ಮುಟ್ಟದವರಿಗೆ ಒಂದು ಮಾತು. ನಿಮ್ಮ ಕಂಪ್ಯೂಟರ್ ಆನ್ ಮಾಡಿದಾಗ ಕಾಣುವ ಐಕಾನುಗಳು, ಕೆಳಗಿನ ಪಟ್ಟಿ, ಕಿಟಕಿಗಳು, ಮೆನು, ಇವೆಲ್ಲ ಸೇರಿದ್ದೇ ಡೆಸ್ಕ್‌ಟಾಪ್ ಪರಿಸರ. ವಿಂಡೋಸ್‌ನಲ್ಲಿ ಅದು ಕಂಪನಿ ಕೊಟ್ಟ ಹಾಗೇ ಬರುತ್ತೆ. ಲಿನಕ್ಸ್‌ನಲ್ಲಿ ನೀವೇ ಆರಿಸಿಕೊಳ್ಳಬಹುದು, ಗ್ನೋಮ್ ಮತ್ತು ಕೆಡಿಇ ಅಂಥ ಎರಡು ದೊಡ್ಡ ಆಯ್ಕೆಗಳು. ಇದನ್ನು ಕಟ್ಟೋರಲ್ಲಿ ಸಂಬಳಕ್ಕೆ ಕೆಲಸ ಮಾಡುವವರೂ ಇದ್ದಾರೆ, ಆಫೀಸು ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವವರೂ ಇದ್ದಾರೆ. ಬಳಸೋರು ಮಾತ್ರ ದುಡ್ಡು ಕೊಡಲ್ಲ. ಹಾಗಾದರೆ ಬೈಯುವ ಹಕ್ಕು ಅವರಿಗೆ ಇದೆಯಾ? ಕಳೆದ ಇಪ್ಪತ್ತೈದು ಚಿಲ್ಲರೆ ವರ್ಷದ ಜಗಳವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ.

ಈ ಲೋಕ ಹುಟ್ಟಿದ್ದೇ ದೂರಿನಿಂದ. 1996ರ ಅಕ್ಟೋಬರ್ 14ರಂದು ಮಥಿಯಾಸ್ ಎಟ್ರಿಚ್ ಎಂಬ ಜರ್ಮನ್ ವಿದ್ಯಾರ್ಥಿ, ಯುನಿಕ್ಸ್‌ನ ಒಂದೊಂದು ಪ್ರೋಗ್ರಾಮೂ ಒಂದೊಂದು ಥರ ಕಾಣುತ್ತೆ, ಸಾಮಾನ್ಯ ಬಳಕೆದಾರನಿಗೆ ಒಂದೇ ಹದದ ಪರಿಸರ ಬೇಕು ಅಂತ ಬರೆದು, ಕೈಜೋಡಿಸೋರನ್ನ ಕರೆದ. ಅದೇ ಕೆಡಿಇ. ಆದರೆ ಕೆಡಿಇ ನಿಂತಿದ್ದು ಕ್ಯೂಟಿ ಎಂಬ ಲೈಬ್ರರಿಯ ಮೇಲೆ, ಅದರ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಇದನ್ನೊಪ್ಪದ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ 1997ರ ಆಗಸ್ಟ್‌ನಲ್ಲಿ ಗ್ನೋಮ್ ಶುರು ಮಾಡಿದರು. ಬರೀ ಮಾತಿನ ಟೀಕೆಯಾಗಿದ್ದರೆ ಯಾರೂ ಕೇಳ್ತಿರಲಿಲ್ಲವೇನೋ. ಎದುರಿಗೆ ಇನ್ನೊಂದು ಅಂಗಡಿಯೇ ಎದ್ದು ನಿಂತಾಗ ವಿಷಯ ಬೇರೆ ಆಯ್ತು. 2000ದಲ್ಲಿ ಕ್ಯೂಟಿಯೂ ಜಿಪಿಎಲ್ ಲೈಸೆನ್ಸಿಗೆ ಬಂತು. ಒಬ್ಬರ ದೂರಿನಿಂದ ಇಬ್ಬರಿಗೂ ಲಾಭ.

ಎರಡನೇ ಸುತ್ತು 2002ರದ್ದು. ಅದಕ್ಕೂ ಮೊದಲಿನ ಗ್ನೋಮ್‌ನಲ್ಲಿ ಎಲ್ಲಕ್ಕೂ ಆಯ್ಕೆ ಇತ್ತು. ಮೇಲಿನ ಪಟ್ಟಿಗೆ ಗಡಿಯಾರ ಹಾಕಬೇಕಾ? ಒಂದಲ್ಲ, ಹಲವು ಬಗೆಯ ಗಡಿಯಾರ. ಸನ್ ಮೈಕ್ರೋಸಿಸ್ಟಮ್ಸ್‌ನವರು 2001ರಲ್ಲಿ ಹೊಸಬರನ್ನು ಕೂರಿಸಿ ಪರೀಕ್ಷೆ ಮಾಡಿದಾಗ, ಕಟ್ಟಿದವರಿಗೆ ಸಲೀಸಾಗಿದ್ದ ಜಾಗಗಳಲ್ಲೇ ಅವರು ತಡವರಿಸೋದು ಕಂಡಿತು. ಗ್ನೋಮ್ 2 ಈ ಪಾಠ ಕಲಿತು ಆಯ್ಕೆಗಳನ್ನು ಕತ್ತರಿಸಿತು, ವಿನ್ಯಾಸಕ್ಕೆ ಲಿಖಿತ ನಿಯಮ ಮಾಡಿಕೊಂಡಿತು. ಹೊಸಬರಿಗೆ ಖುಷಿ, ಹಳಬರಿಗೆ ಸಿಟ್ಟು. 2005ರ ಡಿಸೆಂಬರ್‌ನಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ನೇರವಾಗಿ ಗ್ನೋಮ್‌ನವರಿಗೇ ಝಾಡಿಸಿದ: ಬಳಕೆದಾರರನ್ನು ದಡ್ಡರು ಅಂದುಕೊಂಡು ಕಟ್ಟಿದರೆ ಕೊನೆಗೆ ಬಳಸೋಕೆ ದಡ್ಡರು ಮಾತ್ರ ಉಳೀತಾರೆ ಅನ್ನೋದು ಅವನ ಮಾತಿನ ತಾತ್ಪರ್ಯ. ಜನ ಕೆಡಿಇ ಬಳಸಲಿ ಅಂತಲೂ ಅಂದ. ಆದರೆ 2007ರಲ್ಲಿ ಅದೇ ಮನುಷ್ಯ ತನಗೆ ಬೇಕಾದ ಆಯ್ಕೆಗಳನ್ನು ತಾನೇ ಕೋಡ್ ಮಾಡಿ ಗ್ನೋಮ್‌ಗೆ ಕಳಿಸಿದ. ಬೈಗುಳದ ಕಥೆ ಎಲ್ಲರಿಗೂ ನೆನಪಿದೆ, ಕೋಡ್ ಕಳಿಸಿದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಕೆಡಿಇಯ ಸರದಿ 2008ರಲ್ಲಿ ಬಂತು. ಜನವರಿ 11ರಂದು ಕೆಡಿಇ 4.0 ಹೊರಬಂತು. ಒಳಗಿನದೆಲ್ಲ ಹೊಸದಾಗಿ ಬರೆದಿದ್ದರು. ಹಳೇ 3.5ರಲ್ಲಿ ಇದ್ದ ಎಷ್ಟೋ ಸೌಲಭ್ಯ ಇನ್ನೂ ಬಂದಿರಲಿಲ್ಲ, ಡೆಸ್ಕ್‌ಟಾಪ್ ಮೇಲೆ ಮೊದಲಿನ ಹಾಗೆ ಫೈಲು ಇಟ್ಟುಕೊಳ್ಳೋದೂ ಆಗ್ತಿರಲಿಲ್ಲ. ಇದು ತಳಪಾಯ ಮಾತ್ರ, ಕೆಡಿಇ 4ರ ಪೂರ್ಣ ರೂಪ ಇದಲ್ಲ ಅಂತ ಕಟ್ಟಿದವರು ಹೇಳಿದ್ದರು ನಿಜ. ಆದರೆ ಡಬ್ಬದ ಮೇಲೆ 4.0 ಅಂತ ಬರೆದ ಮೇಲೆ ಒಳಗಿನ ಚೀಟಿ ಯಾರು ಓದ್ತಾರೆ? ಫೆಡೋರಾ 9ರಂಥ ವಿತರಣೆಗಳು ಅದನ್ನೇ ಜನರ ಕೈಗಿಟ್ಟವು. ಸಿಟ್ಟೆಲ್ಲ ಪ್ಲಾಸ್ಮಾ ಎಂಬ ಹೊಸ ಭಾಗದ ಮುಂದಾಳು ಆರನ್ ಸೈಗೊ ಕಡೆಗೆ ತಿರುಗಿತು. ಟೀಕೆ ಕೋಡ್ ಬಿಟ್ಟು ಮನುಷ್ಯನ ಮೇಲೆ ಹೋಯ್ತು. ಆ ವರ್ಷವೇ ಕೆಡಿಇ ಸಮುದಾಯ ತನಗೊಂದು ನಡವಳಿಕೆಯ ಸಂಹಿತೆ ಬರೆದುಕೊಂಡಿತು. 2009ರ ಜನವರಿಯಲ್ಲಿ ಕೆಡಿಇ 4.2 ಬಂದಾಗ ಡೆಸ್ಕ್‌ಟಾಪ್ ಮೇಲೆ ಫೈಲು ಇಡೋದು ಮತ್ತೆ ಸಾಧ್ಯವಾಗಿತ್ತು. ಆ ಬಿಡುಗಡೆಗೆ ಅವರಿಟ್ಟ ಹೆಸರು ‘ಉತ್ತರ’. ಅಷ್ಟು ಹೊತ್ತಿಗೆ ಟೊರ್ವಾಲ್ಡ್ಸ್ ಕೆಡಿಇ ಬಿಟ್ಟು ಗ್ನೋಮ್‌ಗೆ ಹೋಗಿಯಾಗಿತ್ತು!

ಇಷ್ಟೆಲ್ಲ ನೋಡಿದ ಮೇಲೂ ಗ್ನೋಮ್‌ನವರು 2011ರಲ್ಲಿ ಅದೇ ಹಳ್ಳಕ್ಕೆ ಹೇಗೆ ಬಿದ್ದರು? ಅವಸರದಿಂದಂತೂ ಅಲ್ಲ. 3.0 ಮೊದಲು ಬರಬೇಕಿದ್ದದ್ದು 2010ರ ಮಾರ್ಚ್‌ನಲ್ಲಿ. ಮತ್ತೆ ಮತ್ತೆ ಮುಂದೂಡಿ, ಸಮಯ ತಗೊಂಡು ಕಟ್ಟಿದ್ದರು. ಕೆಳಗಿನ ಕಿಟಕಿಗಳ ಪಟ್ಟಿ ತೆಗೆದು ‘ಆಕ್ಟಿವಿಟೀಸ್’ ಎಂಬ ಒಂದೇ ನೋಟ ಇಟ್ಟರು. ಬಿಡುಗಡೆಗೆ ಇನ್ನು ಕೆಲವು ವಾರ ಇದೆ ಅನ್ನುವಾಗ ಕಿಟಕಿಯ ಮೂಲೆಯಲ್ಲಿದ್ದ ಮಿನಿಮೈಸ್, ಮ್ಯಾಕ್ಸಿಮೈಸ್ ಗುಂಡಿಗಳನ್ನೂ ತೆಗೆದರು. ಮೆನುವಿನಲ್ಲಿ ಕಂಪ್ಯೂಟರನ್ನು ಮಲಗಿಸುವ ಆಯ್ಕೆ ಮಾತ್ರ ಇತ್ತು. ಪೂರ್ತಿ ಆಫ್ ಮಾಡೋದು ಬೇಕಾದರೆ ಆಲ್ಟ್ ಕೀ ಒತ್ತಿ ಹಿಡಿಯಬೇಕು. ಪ್ರತಿಯೊಂದಕ್ಕೂ ಅವರ ಬಳಿ ಕಾರಣ ಇತ್ತು, ಆ ಕಾರಣಗಳು ಪೆದ್ದ ಕಾರಣಗಳೂ ಆಗಿರಲಿಲ್ಲ. ಆದರೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಊರಲ್ಲಿ ಕೂತವನಿಗೆ ಆಫ್ ಮಾಡುವ ಗುಂಡಿ ಸಿಗದಿದ್ದರೆ ಆ ಕಾರಣ ಕಟ್ಟಿಕೊಂಡು ಏನು ಮಾಡಬೇಕು? ಹೊಸ ಪರದೆ ಓಡೋಕೆ ಒಳ್ಳೇ ಗ್ರಾಫಿಕ್ಸ್ ಬೇಕಿತ್ತು. ಹಳೇ ಮೆಷೀನುಗಳಿಗೆ ‘ಫಾಲ್‌ಬ್ಯಾಕ್’ ಎಂಬ ಬದಲಿ ಕೊಟ್ಟಿದ್ದರು.

ಟೊರ್ವಾಲ್ಡ್ಸ್ ಮತ್ತೆ ಗುಡುಗಿದ, ಈ ಸಲ ಎಕ್ಸ್‌ಎಫ್‌ಸಿಇ ಎಂಬ ಮೂರನೆಯದಕ್ಕೆ ಹೋದ. ಆ ವರ್ಷ ನಡೆದ ಇನ್ನೊಂದು ಜಗಳ ನನಗೆ ಇನ್ನೂ ಮುಖ್ಯ ಅನಿಸುತ್ತೆ. ಬಳಕೆದಾರರ ಸಮೀಕ್ಷೆ ಮಾಡಿ ಅಂತ ಕೆಲವರು ಒತ್ತಾಯಿಸಿದರು. ಗ್ನೋಮ್‌ನ ಹಲವರು ಒಪ್ಪಲಿಲ್ಲ. ಅಂಥ ಸಮೀಕ್ಷೆಗೆ ಬಂದು ಉತ್ತರಿಸೋರು ಸಿಟ್ಟು ಬಂದವರು ಮತ್ತು ಅಭಿಮಾನಿಗಳು ಮಾತ್ರ, ನಡುವಿನ ಮೌನಿಗಳ ಲೆಕ್ಕ ಸಿಗಲ್ಲ ಅನ್ನೋದು ಅವರ ವಾದ. ಕೊನೆಗೆ ಫೊರೋನಿಕ್ಸ್ ಎಂಬ ಸುದ್ದಿತಾಣ ತಾನೇ ಸಮೀಕ್ಷೆ ನಡೆಸಿತು. ಅಂಕಿಅಂಶದ ದೃಷ್ಟಿಯಿಂದ ಗ್ನೋಮ್‌ನವರದು ಸರಿಯಾದ ಮಾತೇ. ಆದರೆ ಹೊರಗೆ ಕೇಳಿಸಿದ್ದು ಬೇರೆ: ನಿಮ್ಮನ್ನ ಕೇಳೋದೇ ಇಲ್ಲ ಅಂತ.

ನಾನಿರೋದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ಹೆಸರಲ್ಲಿ ಕುಂಬಾರರಿದ್ದಾರೆ, ಆಚೆ ಹೆಬ್ಬಾಳದಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ. ಹಾಗಾಗಿ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನೋ ಗಾದೆ ಇಲ್ಲಿನ ಟೆಕ್ಕಿಗಳಿಗೂ ಒಪ್ಪುತ್ತೆ. ತಿಂಗಳುಗಟ್ಟಲೆ ಕಟ್ಟಿದ್ದಕ್ಕೆ ಯಾರೋ ಒಂದು ಸ್ಟಾರ್ ಕೊಟ್ಟು ಹೋದಾಗ ಎಲ್ಲರೂ ನೆನೆಯೋ ಗಾದೆ ಇದೇ. ಆದರೆ ಗಾದೆ ಪೂರ್ತಿ ಕುಂಬಾರನ ಪರ. ಮಡಕೆ ಕೊಳ್ಳೋಳ ಕಡೆಯಿಂದ ಯೋಚಿಸಿ. ಅವಳೂ ಮಡಕೆಗೆ ಹೊಡೆಯುತ್ತಾಳೆ, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ. ಬಿರುಕು ಇದೆಯಾ ಅಂತ ತಿಳಿಯೋಕೆ. ಕುಂಬಾರ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಕಷ್ಟ ಇರೋದು ಗಲಾಟೆಯ ನಡುವೆ ಯಾವುದು ದೊಣ್ಣೆ, ಯಾವುದು ಗೆಣ್ಣು ಅಂತ ಗುರುತಿಸೋದರಲ್ಲಿ.

ಗ್ನೋಮ್ ಅದನ್ನು ನಿಧಾನವಾಗಿ ಗುರುತಿಸಿತು. 2011ರ ಡಿಸೆಂಬರ್‌ನಲ್ಲಿ ಎಕ್ಸ್‌ಟೆನ್ಶನ್‌ಗಳ ತಾಣ ತೆರೆಯಿತು. ಮೂಲ ವಿನ್ಯಾಸ ನಮ್ಮದು, ನಿಮಗೆ ಕೆಳಪಟ್ಟಿ ಬೇಕಾದರೆ ಹಾಕ್ಕೊಳ್ಳಿ, ತಡೆಯಲ್ಲ ಅನ್ನೋ ರಾಜಿ ಅದು. 2012ರ 3.6ರಲ್ಲಿ ಆಫ್ ಮಾಡುವ ಆಯ್ಕೆ ಆಲ್ಟ್ ಕೀ ಇಲ್ಲದೇ ಕಾಣಿಸಿತು. 2013ರ ಮಾರ್ಚ್‌ನ 3.8ರಲ್ಲಿ ಫಾಲ್‌ಬ್ಯಾಕ್ ಕೈಬಿಟ್ಟರು, ಅದರ ಬದಲು ಎಕ್ಸ್‌ಟೆನ್ಶನ್‌ಗಳಿಂದಲೇ ಹಳೇ ನೋಟ ಕೊಡುವ ‘ಕ್ಲಾಸಿಕ್’ ತಂದರು. ಆ ಹೊತ್ತಿಗೆ ಟೊರ್ವಾಲ್ಡ್ಸ್ ಕೂಡ ಎಕ್ಸ್‌ಟೆನ್ಶನ್ ಹಾಕಿಕೊಂಡು ಗ್ನೋಮ್‌ಗೆ ವಾಪಸ್.

ಕಾಯದವರೂ ಇದ್ದರು. ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಕೋಡ್ ಎತ್ತಿಕೊಂಡು 2011ರಲ್ಲೇ ‘ಮಾಟೆ’ ಶುರು ಮಾಡಿದ. ಲಿನಕ್ಸ್ ಮಿಂಟ್‌ನವರು ‘ಸಿನ್ನಮನ್’ ಕಟ್ಟಿದರು. ಉಬುಂಟು ತನ್ನದೇ ‘ಯೂನಿಟಿ’ ಹಿಡಿದು ಹೊರಟು, 2017ರಲ್ಲಿ ಗ್ನೋಮ್‌ಗೆ ಮರಳಿತು, ಆದರೆ ಪಕ್ಕಕ್ಕೊಂದು ಡಾಕ್ ಸೇರಿಸಿಕೊಂಡೇ. ಮುಕ್ತ ತಂತ್ರಾಂಶದಲ್ಲಿ ಬಳಕೆದಾರನಿಗಿರುವ ನಿಜವಾದ ಹಕ್ಕು ಇದು. ಬೈದರೆ ಕೇಳಲೇಬೇಕು ಅಂತ ಯಾವ ಲೈಸೆನ್ಸೂ ಹೇಳಲ್ಲ. ಎತ್ತಿಕೊಂಡು ಹೋಗಿ ಬೇರೆ ಸಂಸಾರ ಹೂಡಬಹುದು ಅಂತ ಹೇಳುತ್ತೆ. ಆ ಬಾಗಿಲು ತೆರೆದಿದೆ ಅಂತ ಗೊತ್ತಿರೋದರಿಂದಲೇ ಒಳಗಿನವರು ಮಾತು ಕೇಳಿಸಿಕೊಳ್ಳೋದು.

ಹತ್ತು ವರ್ಷದ ನಂತರ, 2021ರ ಮಾರ್ಚ್‌ನಲ್ಲಿ ಗ್ನೋಮ್ 40 ಬಂತು. ಅದೂ ದೊಡ್ಡ ಬದಲಾವಣೆಯೇ. ಆದರೆ ಈ ಸಲ ವಿನ್ಯಾಸಕರು ಬಿಡುಗಡೆಗೆ ಮೊದಲೇ ಬಳಕೆದಾರರನ್ನು ಕೂರಿಸಿ ಪರೀಕ್ಷಿಸಿದರು, ಕಂಡದ್ದನ್ನು ಎಲ್ಲರೂ ಓದುವಂತೆ ಬರೆದರು. ಗೊಣಗಾಟ ಇತ್ತು, 2011ರ ಥರ ಬೆಂಕಿ ಹತ್ತಲಿಲ್ಲ. ಸಮೀಕ್ಷೆ ಬೇಡ ಅಂದದ್ದಕ್ಕೆ ಸರಿಯಾದ ಉತ್ತರ ಇದೇ ಆಗಿತ್ತು: ಕೂಗೋರನ್ನ ಎಣಿಸಬೇಡಿ, ಬಳಸೋರ ಪಕ್ಕ ಕೂತು ನೋಡಿ.

ಈಗ ನಮ್ಮ ಮನೆ ವಿಷಯ. ಗ್ನೋಮ್, ಕೆಡಿಇ ಎರಡಕ್ಕೂ ಕನ್ನಡ ಅನುವಾದ ಇದೆ. ಅದರಲ್ಲಿ ಫೈಲ್ ಅಂದರೆ ‘ಕಡತ’, ಫೋಲ್ಡರ್ ಅಂದರೆ ‘ಕಡತಕೋಶ’, ಡೆಸ್ಕ್‌ಟಾಪ್ ಅಂದರೆ ‘ಗಣಕತೆರೆ’. ಕೆಲವರಿಗೆ ಇಷ್ಟ ಆಗಬಹುದು, ಕೆಲವರಿಗೆ ನಗು ಬರಬಹುದು. ‘ಫೈಲು’ ಅಂತಲೇ ಇರಲಿ ಅನ್ನೋದೂ ಗಟ್ಟಿ ವಾದವೇ, ತಾಲ್ಲೂಕು ಕಚೇರಿಯಲ್ಲಿ ಎಲ್ಲರೂ ಅನ್ನೋದು ಅದನ್ನೇ. ಆದರೆ ಈ ಜಗಳ ಅನುವಾದಕರ ತನಕ ಮುಟ್ಟೋದೇ ಅಪರೂಪ. ನಾವು ಇಂಗ್ಲಿಷಿನಲ್ಲಿ ಇನ್‌ಸ್ಟಾಲ್ ಮಾಡ್ಕೊಳ್ತೀವಿ, ಕನ್ನಡದ್ದನ್ನು ತೆರೆದೂ ನೋಡಲ್ಲ. ಗ್ನೋಮ್ 3ಕ್ಕೆ ಬಿದ್ದ ಬೈಗುಳದಲ್ಲಿ ಕಡೇಪಕ್ಷ ಜನ ಅದನ್ನು ದಿನಾ ಬಳಸ್ತಿದ್ದರು ಅನ್ನೋ ಪುರಾವೆ ಇತ್ತು. ಕನ್ನಡದ ಅನುವಾದಕರಿಗೆ ಸಿಗೋದು ಮೌನ. ಕಟ್ಟುವವರನ್ನು ದಣಿಸೋದರಲ್ಲಿ ಬೈಗುಳಕ್ಕಿಂತ ಮೌನವೇ ಜೋರು.

ಪಕ್ಕದ ಕೇರಳದಲ್ಲಿ ಹಾಗಾಗಲಿಲ್ಲ. ಅಲ್ಲಿ ಸರ್ಕಾರಿ ಶಾಲೆಗಳಿಗೆ ಮುಕ್ತ ತಂತ್ರಾಂಶವೇ ಬಂತು, ಈಗ ‘ಕೈಟ್’ ಎಂಬ ಸಂಸ್ಥೆ ಉಬುಂಟು ಆಧಾರಿತ ವ್ಯವಸ್ಥೆಯನ್ನು ಶಾಲೆಗಳಿಗೆ ಕೊಡುತ್ತೆ. ಮೇಷ್ಟ್ರು, ಮಕ್ಕಳು ದಿನಾ ಬಳಸಿದರೆ ತಪ್ಪು ಕಣ್ಣಿಗೆ ಬೀಳಲೇಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯೋದೂ ಆ ವ್ಯವಸ್ಥೆಯಲ್ಲೇ. ಕನ್ನಡದ ಡೆಸ್ಕ್‌ಟಾಪ್ ಸುಧಾರಿಸಬೇಕಾದರೆ ಮೊದಲು ಕೇಳಬೇಕಾದದ್ದು ಅಂಥವರ ದೂರನ್ನು.

ಟೀಕೆ ಮಾಡೋಕೆ ಕೋಡ್ ಬರಬೇಕಾಗಿಲ್ಲ. ಒಂದು ವಾರ ನಿಮ್ಮ ಲಿನಕ್ಸನ್ನು ಕನ್ನಡಕ್ಕೆ ಬದಲಾಯಿಸಿ. ಯಾವ ಪದ ಅರ್ಥ ಆಗಲಿಲ್ಲ, ಎಲ್ಲಿ ಒತ್ತಕ್ಷರ ಒಡೆದು ಕಂಡಿತು, ನೀವು ಏನು ಮಾಡಲು ಹೋದಾಗ ಏನಾಯ್ತು, ಏನಾಗಬೇಕಿತ್ತು, ಇಷ್ಟು ಬರೆದು ಯೋಜನೆಯ ಬಗ್ ಪಟ್ಟಿಗೆ ಹಾಕಿ. ‘ಇದು ದರಿದ್ರವಾಗಿದೆ’ ಅಂದರೆ ಆ ತುದಿಯಲ್ಲಿರೋರಿಗೆ ಮಾಡೋಕೆ ಏನೂ ಉಳಿಯಲ್ಲ. ‘ಮೂರನೇ ಮೆನುವಿನಲ್ಲಿ ಈ ಪದ ಅರ್ಥ ಆಗಲಿಲ್ಲ’ ಅಂದರೆ ಭಾನುವಾರ ಮಧ್ಯಾಹ್ನ ಕೂತು ಯಾರೋ ಒಬ್ಬರು ಸರಿ ಮಾಡ್ತಾರೆ.